‘ಔಟ್‌ಪುಟ್ ಕಾನ್ಫಿಗ್’: ಹದಿನಾರು ಸಾಲಿನ ಒಂದು ಅನಾಮಧೇಯ ಕೃತಿಯ ಶಾಸ್ತ್ರೀಯ ಸಂಪಾದನೆ

ಕನ್ನಡದಲ್ಲಿ ಗ್ರಂಥಸಂಪಾದನೆಗೆ ದೊಡ್ಡ ಪರಂಪರೆಯಿದೆ. ಮಠದ ಅಟ್ಟದಿಂದ ಓಲೆಗರಿ ಇಳಿಸಿ, ದೂಳು ಕೊಡವಿ, ಹುಳು ತಿಂದ ಜಾಗವನ್ನು ಚುಕ್ಕಿಗಳಿಂದಲೂ ಉಳಿದ ಜಾಗವನ್ನು ಅಡಿಟಿಪ್ಪಣಿಗಳಿಂದಲೂ ತುಂಬಿ ಅಚ್ಚು ಹಾಕಿಸಿದ ಹಿರಿಯರ ಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಹೀಗಿದ್ದೂ, ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ದಿನವೂ ನಕಲಾಗುತ್ತಿರುವ, ನಕಲು ಮಾಡುವವರು ಓದದೆಯೇ ನಕಲು ಮಾಡುವ ಕೃತಿಯೊಂದು ಈವರೆಗೆ ಯಾವ ಸಂಪಾದಕರ ಕೈಗೂ ಸಿಗದೆ ಉಳಿದಿರುವುದು ನಾಡಿನ ದುರ್ದೈವ. ಕ್ಲೌಡ್‌ನಲ್ಲಿ ಓಡುವ ಡೇಟಾ ಕೆಲಸವೊಂದು ತನ್ನ ಫಲಿತಾಂಶವನ್ನು ಎಲ್ಲಿ ಇಡಬೇಕು, ಯಾವ ರೂಪದಲ್ಲಿ ಇಡಬೇಕು, ಅಲ್ಲಿ ಮೊದಲೇ ಏನಾದರೂ ಇದ್ದರೆ ಅದರ ಗತಿಯೇನು ಎಂಬುದನ್ನು ಹೇಳುವ ಹದಿನಾರು ಸಾಲಿನ ಕೋಡ್ ಅದು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನಕ್ಕೂ ಹದಿನಾರೇ ಸಾಲು. ಆ ಕಲ್ಲಿನ ಒಂದೊಂದು ಅಕ್ಷರಕ್ಕೂ ವಿದ್ವಾಂಸರು ಹಗಲಿನಲ್ಲಿ ಜಗಳವಾಡಿದ್ದಾರೆ. ಈ ಕೋಡಿನ ಬಗ್ಗೆ ಜಗಳ ನಡೆಯುವುದು ರಾತ್ರಿ ಎರಡು ಗಂಟೆಗೆ, ಅದೂ ಫೋನಿನಲ್ಲಿ.

ಕೃತಿಯ ಮಹತ್ವ ಕುರಿತು ಶಂಕೆಯುಳ್ಳವರಿಗೆ ಒಂದು ಮಾತು. ಡೇಟಾ ಎಂಜಿನಿಯರುಗಳು ತಮ್ಮ ಪಾಂಡಿತ್ಯವನ್ನೆಲ್ಲ ಲೆಕ್ಕ ಮಾಡುವ ಭಾಗದ ಮೇಲೆ ಸುರಿಯುತ್ತಾರೆ. ಅದಕ್ಕೆ ವಿನ್ಯಾಸದ ಚಿತ್ರ, ಸಭೆ, ರಿವ್ಯೂ, ಕೇಕು ಎಲ್ಲ ಉಂಟು. ಔಟ್‌ಪುಟ್ ಭಾಗವನ್ನು ಮಾತ್ರ ಹಳೆಯ ಪ್ರಾಜೆಕ್ಟಿನಿಂದ ತಂದು ಅಂಟಿಸುತ್ತಾರೆ. ಲೆಕ್ಕ ತಪ್ಪಿದರೆ ಮತ್ತೊಮ್ಮೆ ಮಾಡಬಹುದು; ಇಡುವ ಜಾಗ ತಪ್ಪಿದರೆ ಮತ್ತೊಮ್ಮೆ ಮಾಡುವುದಕ್ಕೆ ಹಳೆಯ ಡೇಟಾವೇ ಉಳಿದಿರುವುದಿಲ್ಲ. ಆದ್ದರಿಂದ ಪ್ರಸ್ತುತ ಸಂಪಾದಕರು ಲೆಕ್ಕದ ಭಾಗವನ್ನು ಪ್ರಕ್ಷಿಪ್ತವೆಂದು ಬದಿಗಿಟ್ಟು, ಔಟ್‌ಪುಟ್ ಭಾಗವನ್ನೇ ಮೂಲಕೃತಿಯೆಂದು ಸ್ವೀಕರಿಸಿದ್ದಾರೆ.

ಪ್ರತಿಗಳು, ಕಾಲ, ಕರ್ತೃ

ಸಂಪಾದನೆಗೆ ನಾಲ್ಕು ಪ್ರತಿಗಳು ಒದಗಿವೆ. ‘ಕ’ ಪ್ರತಿ ಒಂದು ಕಂಪನಿಯ ಗಿಟ್ ಭಂಡಾರದ ಮುಖ್ಯ ಶಾಖೆಯಲ್ಲಿರುವುದು. ಶುದ್ಧವಾಗಿದೆ, ಆದರೆ ಯಾರೂ ಓಡಿಸುವುದಿಲ್ಲ. ‘ಖ’ ಪ್ರತಿ ಕೆಲಸ ಬಿಟ್ಟು ಹೋದವರೊಬ್ಬರ ನೋಟ್‌ಬುಕ್. ಸೆಲ್‌ಗಳು ಹಿಂದುಮುಂದಾಗಿವೆ, ಕೊನೆಯದು ತ್ರುಟಿತ. ‘ಗ’ ಪ್ರತಿ ಚಾಟ್‌ನಲ್ಲಿ ಬಂದ ಸ್ಕ್ರೀನ್‌ಶಾಟ್. ಬಲ ಅಂಚು ಕತ್ತರಿಸಿ ಹೋಗಿರುವುದರಿಂದ ಪ್ರತಿ ಸಾಲಿನ ಕೊನೆಯ ಮೂರ್ನಾಲ್ಕು ಅಕ್ಷರಗಳನ್ನು ಊಹಿಸಿಕೊಳ್ಳಬೇಕು. ‘ಘ’ ಪ್ರತಿ ಪ್ರೊಡಕ್ಷನ್‌ನಲ್ಲಿ ನಿಜವಾಗಿ ಓಡುತ್ತಿರುವುದು. ಇದು ಉಳಿದ ಮೂರರಲ್ಲಿ ಯಾವುದಕ್ಕೂ ಹೊಂದುವುದಿಲ್ಲ.

ಸಮಾನ ದೋಷವು ಸಮಾನ ಮೂಲವನ್ನು ಸೂಚಿಸುತ್ತದೆ ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ನಾಲ್ಕೂ ಪ್ರತಿಗಳಲ್ಲಿ ‘ಔಟ್‌ಪುಟ್_ಪಾತ್’ ಎಂದಿರಬೇಕಾದ ವೇರಿಯಬಲ್ ‘ಔಪುಟ್_ಪಾತ್’ ಎಂದಿದೆ. ಹೀಗಾಗಿ ಇವೆಲ್ಲ ಒಂದೇ ಮಾತೃಕೆಯಿಂದ ಇಳಿದು ಬಂದವೆಂಬುದು ಸಿದ್ಧ. ತಪ್ಪು ಕಣ್ಣಿಗೆ ಬಿದ್ದರೂ ಯಾರೂ ತಿದ್ದಿಲ್ಲ. ತಿದ್ದಿದರೆ ಬೇರೆಲ್ಲೋ ಏನೋ ಒಡೆಯುತ್ತದೆಂಬ ಭಯ ಲಿಪಿಕಾರರಲ್ಲಿ ಭಕ್ತಿಯ ರೂಪ ತಾಳಿದೆ.

ಕರ್ತೃವನ್ನು ತಿಳಿಯಲು ಗಿಟ್ ಬ್ಲೇಮ್ ಎಂಬ ಸಾಧನವನ್ನು ಆಶ್ರಯಿಸಲಾಯಿತು. ಅದರ ಪ್ರಕಾರ ಹದಿನಾರು ಸಾಲುಗಳೂ ಒಬ್ಬರವೇ. ಆದರೆ ಆ ಮಹನೀಯರು ಮಾಡಿದ್ದು ಟ್ಯಾಬ್ ತೆಗೆದು ನಾಲ್ಕು ಸ್ಪೇಸ್ ಹಾಕಿದ್ದಷ್ಟೇ. ಓಲೆಗರಿಯನ್ನು ನಕಲು ಮಾಡಿದವನೇ ಕಾವ್ಯ ಬರೆದವನೆಂದು ಕವಿಚರಿತೆಯಲ್ಲಿ ಸೇರಿಸುವಂಥ ಪ್ರಮಾದವಿದು. ಕರ್ತೃ ಅಜ್ಞಾತ ಎಂದೇ ಬರೆಯುವುದು ಕ್ಷೇಮ.

ಕಾಲನಿರ್ಣಯಕ್ಕೆ ಆಂತರಿಕ ಪ್ರಮಾಣಗಳಿವೆ. ಔಟ್‌ಪುಟ್ ಅನ್ನು ತುಂಡು ತುಂಡಾಗಿ ಬರೆಯುವ ಸಂಪ್ರದಾಯಕ್ಕೆ 2004ರಲ್ಲಿ ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ ಪ್ರಕಟಿಸಿದ ಮ್ಯಾಪ್‌ರೆಡ್ಯೂಸ್ ಪ್ರಬಂಧವೇ ಆಕರ. ಅದನ್ನು ಅನುಸರಿಸಿ 2006ರಲ್ಲಿ ಹಡೂಪ್ ಬಂತು. ಅದನ್ನು ಕಟ್ಟಿದ ಡಗ್ ಕಟಿಂಗ್ ತಮ್ಮ ಮಗನ ಹಳದಿ ಆಟಿಕೆ ಆನೆಯ ಹೆಸರನ್ನೇ ಅದಕ್ಕಿಟ್ಟರು. ಗಣೇಶಸ್ತುತಿಯಿಂದ ಕೃತಿ ಆರಂಭಿಸುವ ನಮ್ಮ ಪದ್ಧತಿ ಕ್ಯಾಲಿಫೋರ್ನಿಯದವರೆಗೂ ಹಬ್ಬಿತ್ತೆಂದು ಕೆಲವರು ಹೇಳುವುದನ್ನು ಕೇಳಿದರೆ ಆಶ್ಚರ್ಯಪಡಬೇಕಿಲ್ಲ. 2009ರಲ್ಲಿ ಬರ್ಕ್ಲಿಯಲ್ಲಿ ಮತೇಯ್ ಜಹಾರಿಯಾ ಆರಂಭಿಸಿದ ಸ್ಪಾರ್ಕ್ ಈ ಎರಡರ ಆಸ್ತಿಯನ್ನೂ, ಸಾಲವನ್ನೂ ವಹಿಸಿಕೊಂಡಿತು. ನಮ್ಮ ಕೃತಿ ಸ್ಪಾರ್ಕ್‌ಗೆ ಬರೆದದ್ದು, ಭಾಷೆ ಪೈಥಾನ್, ಫಲಿತಾಂಶ ಇಡುವ ಜಾಗ ಅಮೆಜಾನಿನ ಎಸ್3.

ಪಾತ್ ಪ್ರಕರಣ

ಮೊದಲ ಸಾಲಿನಲ್ಲೇ ಪಾಠಾಂತರ. ವಿಳಾಸದ ಆರಂಭದಲ್ಲಿ ‘ಕ’ ಪ್ರತಿ ಎಸ್3ಎ ಎನ್ನುತ್ತದೆ, ‘ಖ’ ಎಸ್3ಎನ್ ಎನ್ನುತ್ತದೆ, ‘ಘ’ ಬರಿಯ ಎಸ್3 ಎನ್ನುತ್ತದೆ. ದಡ್ಡರಿಗೆ ಇದು ಬೆರಳು ಜಾರಿದಂತೆ ಕಾಣಬಹುದು. ನಿಜದಲ್ಲಿ ಮೂರೂ ಮೂರು ಯುಗಗಳು. ಹಡೂಪ್‌ನವರು ಮೊದಲು ಎಸ್3 ಎಂಬ ಸಂಪರ್ಕಸೇತು ಕಟ್ಟಿದರು, ಅದು ಸಾಲದೆಂದು ಎಸ್3ಎನ್ ಕಟ್ಟಿದರು, ಅದೂ ಸಾಲದೆಂದು ಎಸ್3ಎ ಕಟ್ಟಿದರು. ಹಡೂಪ್ 3 ಬರುವ ಹೊತ್ತಿಗೆ ಮೊದಲೆರಡನ್ನೂ ಕಿತ್ತುಹಾಕಿದರು. ಇತ್ತ ಅಮೆಜಾನ್ ತನ್ನ ಇಎಂಆರ್ ಸೇವೆಯಲ್ಲಿ ಎಸ್3 ಎಂಬ ಹಳೆಯ ಹೆಸರಿಗೇ ತನ್ನದೇ ಹೊಸ ಅರ್ಥ ಕೊಟ್ಟು ಅದನ್ನೇ ಬಳಸಿ ಎಂದಿತು. ಹೀಗೆ ಅತಿ ಪ್ರಾಚೀನವೆಂದು ಕಾಣುವ ಪಾಠವೇ ಅರ್ವಾಚೀನವೂ ಆಗಿರುವ ವಿಚಿತ್ರ ನಮ್ಮ ಕೃತಿಯಲ್ಲಿದೆ. ‘ಖ’ ಪ್ರತಿಯ ಒಡೆಯರು ಯಾವ ಕಾಲದಲ್ಲಿ ಕೆಲಸ ಬಿಟ್ಟರೆಂಬುದು ಆ ‘ಎನ್’ ಒಂದರಿಂದಲೇ ತಿಳಿಯುತ್ತದೆ.

ಇನ್ನು ಸಂಧಿವಿಚಾರ. ಬಕೆಟ್ಟಿನ ಹೆಸರು, ಫೋಲ್ಡರು, ದಿನಾಂಕ ಇವನ್ನು ಕೂಡಿಸಿ ವಿಳಾಸ ಕಟ್ಟುವಾಗ ಆಗುವ ವಿಕಾರಗಳನ್ನು ಕೇಶಿರಾಜನ ಶಬ್ದಮಣಿದರ್ಪಣ ಹೇಳಿಲ್ಲ. ಹದಿಮೂರನೆಯ ಶತಮಾನದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಆದರೂ ಕನ್ನಡ ಸಂಧಿಗಳು ಮೂರೂ ಇಲ್ಲಿ ಸಿಗುತ್ತವೆ. ಔಟ್‌ಪುಟ್ ಮತ್ತು ದಿನಾಂಕದ ನಡುವಿನ ಸ್ಲ್ಯಾಷ್ ಬಿದ್ದುಹೋಗಿ ‘ಔಟ್‌ಪುಟ್20240115’ ಎಂದಾದರೆ ಲೋಪ. ಎರಡೂ ಕಡೆಯವರು ಒಂದೊಂದು ಸ್ಲ್ಯಾಷ್ ತಂದು ಜೋಡಿ ಸ್ಲ್ಯಾಷ್ ಆದರೆ ಆಗಮ. ‘ಡೆವ್’ ಎಂಬುದರ ಜಾಗದಲ್ಲಿ ‘ಪ್ರಾಡ್’ ಬಂದು ಕುಳಿತರೆ ಆದೇಶ. ಮೊದಲನೆಯದು ನಗೆಪಾಟಲು, ಮೂರನೆಯದು ತುರ್ತು ಸಭೆ. ಆದರೆ ಪಂಡಿತರ ಗಮನಕ್ಕೆ ಅರ್ಹವಾದದ್ದು ಎರಡನೆಯದು. ಸ್ಪಾರ್ಕ್ ಜೋಡಿ ಸ್ಲ್ಯಾಷನ್ನು ಕಂಡರೆ ಸದ್ದಿಲ್ಲದೆ ಒಂದನ್ನು ನುಂಗಿಬಿಡುತ್ತದೆ. ಪೈಥಾನಿನ ಬೋಟೊ3 ಎಂಬ ಲೈಬ್ರರಿ ನುಂಗುವುದಿಲ್ಲ. ಅದಕ್ಕೆ ಎರಡು ಎಂದರೆ ಎರಡು. ಹೀಗಾಗಿ ಒಂದೇ ವಿಳಾಸವನ್ನು ಇಬ್ಬರಿಗೂ ಕೊಟ್ಟರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಸಿಗುವುದಿಲ್ಲ. ಇಬ್ಬರೂ ತಮ್ಮದೇ ಸರಿ ಎನ್ನುತ್ತಾರೆ, ಇಬ್ಬರದೂ ಸರಿಯೇ.

ಇಷ್ಟಕ್ಕೂ ಎಸ್3ನ ಸಾಮಾನ್ಯ ಬಕೆಟ್ಟುಗಳಲ್ಲಿ ಫೋಲ್ಡರು ಎಂಬುದೇ ಇಲ್ಲ. ಇರುವುದು ಉದ್ದುದ್ದನೆಯ ಹೆಸರುಗಳು. ಹೆಸರಿನೊಳಗೆ ಸ್ಲ್ಯಾಷ್ ಎಂಬುದೂ ಒಂದು ಅಕ್ಷರ. ಪರದೆಯ ಮೇಲೆ ಫೋಲ್ಡರಿನ ಚಿತ್ರ ಕಾಣಿಸುವುದು ಬಳಸುವವರ ಮನಸ್ಸಮಾಧಾನಕ್ಕೆ. ಜಗನ್ಮಿಥ್ಯಾವಾದಿಗಳು ಇದನ್ನು ಎಂಟನೆಯ ಶತಮಾನದಲ್ಲೇ ಹೇಳಿದ್ದರು ಎಂಬ ವಾದವನ್ನು ನಾವು ಇಲ್ಲಿ ಎತ್ತುವುದಿಲ್ಲ. ಆದರೆ ಮಿಥ್ಯೆಗೂ ಬಿಲ್ಲು ಬರುತ್ತದೆ: ಫೋಲ್ಡರಿಗೆ ಹೊಸ ಹೆಸರಿಡುವುದೆಂದರೆ ಒಳಗಿನ ಪ್ರತಿಯೊಂದು ವಸ್ತುವನ್ನೂ ನಕಲು ಮಾಡಿ ಹಳೆಯದನ್ನು ಅಳಿಸುವುದು, ಅಷ್ಟೇ.

ಜಾಗ ಹೇಳದೆ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅಮೆಜಾನಿನ ಸೇಜ್‌ಮೇಕರ್ ಪ್ರೊಸೆಸಿಂಗ್ ಕೆಲಸಗಳು ಒಳ್ಳೆಯ ದೃಷ್ಟಾಂತ. ಅಲ್ಲಿ ಕಂಟೇನರಿನೊಳಗೆ ಇಂಥ ಫೋಲ್ಡರಿನಲ್ಲಿ ಬರೆದದ್ದು ಎಸ್3ನ ಇಂಥ ಜಾಗಕ್ಕೆ ಹೋಗಬೇಕೆಂದು ಕೋಡಿನಲ್ಲಿ ಮೊದಲೇ ನಮೂದಿಸಬೇಕು. ಕೆಲಸ ಮುಗಿದ ಮೇಲೆ ಹೋಗಬೇಕೋ, ನಡೆಯುತ್ತಿರುವಾಗಲೇ ಹೋಗುತ್ತಿರಬೇಕೋ ಎಂಬುದನ್ನೂ ಹೇಳಬಹುದು. ನಮೂದಿಸದ ಜಾಗದಲ್ಲಿ ಬರೆದದ್ದು ಕಂಟೇನರಿನ ಜೊತೆಗೇ ಮರೆಯಾಗುತ್ತದೆ. ಇಡೀ ರಾತ್ರಿ ಲೆಕ್ಕ ಮಾಡಿ, ತಪ್ಪಿಲ್ಲದೆ ಮುಗಿಸಿ, ಹಸಿರು ನಿಶಾನೆ ತೋರಿಸಿ, ಬೆಳಿಗ್ಗೆ ಏನನ್ನೂ ಕೊಡದ ಕೆಲಸಗಳು ಈ ವರ್ಗಕ್ಕೆ ಸೇರಿದವು. ಗೀತಾಚಾರ್ಯನು ಫಲಾಪೇಕ್ಷೆ ಬಿಡೆಂದು ಹೇಳಿದ್ದು ಇಂಥ ಕೆಲಸಗಳನ್ನು ಕುರಿತಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೋಡ್ ಪ್ರಕರಣ

ಇದು ಕೃತಿಯ ಹೃದಯ. ಬರೆಯಬೇಕಾದ ಜಾಗದಲ್ಲಿ ಮೊದಲೇ ಡೇಟಾ ಇದ್ದರೆ ಏನು ಮಾಡಬೇಕು ಎಂಬ ವಿಷಯದಲ್ಲಿ ಸ್ಪಾರ್ಕ್ ನಾಲ್ಕು ಮತಗಳನ್ನು ಮಾನ್ಯಮಾಡುತ್ತದೆ: ಎರರ್, ಇಗ್ನೋರ್, ಅಪೆಂಡ್, ಓವರ್‌ರೈಟ್. ಗೂಗಲ್‌ನ ಬಿಗ್‌ಕ್ವೆರಿಯಲ್ಲೂ ರೈಟ್ ಎಂಪ್ಟಿ, ರೈಟ್ ಅಪೆಂಡ್, ರೈಟ್ ಟ್ರಂಕೇಟ್ ಎಂಬ ಹೆಸರುಗಳಿಂದ ಇವುಗಳ ಶಾಖೆಗಳಿವೆ.

ಎರರ್ ಮತವೇ ಪ್ರಾಚೀನ. ಹಡೂಪ್‌ನಲ್ಲಿ ಬೇರೆ ಮತವೇ ಇರಲಿಲ್ಲ. ಔಟ್‌ಪುಟ್ ಫೋಲ್ಡರು ಮೊದಲೇ ಇದ್ದರೆ ಕೆಲಸವನ್ನು ಶುರು ಮಾಡುವುದಕ್ಕೇ ಅದು ಒಪ್ಪುತ್ತಿರಲಿಲ್ಲ. ಗಂಟೆಗಟ್ಟಲೆ ದುಡಿದು ಪಡೆದ ಫಲಿತಾಂಶದ ಮೇಲೆ ಇನ್ನೊಬ್ಬ ಬಂದು ಅರಿಯದೆ ಬರೆದುಬಿಡಬಾರದೆಂಬ ದಯೆ ಇದರ ಹಿಂದಿತ್ತು. ಸ್ಪಾರ್ಕ್‌ನಲ್ಲಿ ಇಂದಿಗೂ ಏನನ್ನೂ ಹೇಳದಿದ್ದರೆ ಇದೇ ಮತ. ಆದರೆ ಈ ದಯೆಯನ್ನು ಯಾರೂ ಸಹಿಸುವುದಿಲ್ಲ. ಎರಡನೆಯ ಬಾರಿ ಓಡಿಸಿದಾಗ ಕೆಂಪು ಅಕ್ಷರ ಕಂಡೊಡನೆ ಎಂಜಿನಿಯರು ಯೋಚಿಸುವುದು ‘ಅಲ್ಲೇನಿದೆ?’ ಎಂದಲ್ಲ, ‘ಇದನ್ನು ಹೇಗೆ ಬಾಯಿ ಮುಚ್ಚಿಸಲಿ?’ ಎಂದು. ನಮ್ಮ ನಾಲ್ಕು ಪ್ರತಿಗಳ ಪೈಕಿ ಒಂದರಲ್ಲೂ ಎರರ್ ಮತ ಉಳಿದಿಲ್ಲ.

ಇಗ್ನೋರ್ ಮತದವರು ಮೌನಿಗಳು. ಜಾಗದಲ್ಲಿ ಏನಾದರೂ ಇದ್ದರೆ ಇವರು ಬರೆಯುವುದಿಲ್ಲ, ಬರೆಯಲಿಲ್ಲವೆಂದು ಹೇಳುವುದೂ ಇಲ್ಲ. ಕೆಲಸ ಯಶಸ್ವಿಯಾಯಿತೆಂದು ವರದಿಯಾಗುತ್ತದೆ. ಒಂದು ಕಚೇರಿಯಲ್ಲಿ ಕೆಲಸವೊಂದು ದಿಢೀರನೆ ವೇಗವಾಗಿ ಮುಗಿಯತೊಡಗಿದ್ದಕ್ಕೆ ತಂಡಕ್ಕೆ ಶಹಬ್ಬಾಸ್ ಸಿಕ್ಕಿತು. ಕಾರಣ ಇದೇ ಆಗಿತ್ತು. ‘ಗ’ ಪ್ರತಿಯಲ್ಲಿ ಈ ಮತದ ಛಾಯೆ ಇದೆ, ಆದರೆ ಸ್ಕ್ರೀನ್‌ಶಾಟಿನ ಅಂಚು ಅಲ್ಲಿಯೇ ಕತ್ತರಿಸಿದೆ.

ಅಪೆಂಡ್ ಮತವು ಕೂಡುಕುಟುಂಬವನ್ನು ಬಯಸುತ್ತದೆ. ಬಂದವರೆಲ್ಲ ಇರಲಿ, ಯಾರನ್ನೂ ಹೊರಗೆ ಹಾಕುವುದು ಬೇಡ. ಕೆಲಸ ಅರ್ಧಕ್ಕೆ ನಿಂತು ಮತ್ತೆ ಓಡಿಸಿದರೆ ಮೊದಲ ಸಲದವರೂ ಎರಡನೆಯ ಸಲದವರೂ ಒಂದೇ ಮನೆಯಲ್ಲಿ. ತಿಂಗಳ ಕೊನೆಯಲ್ಲಿ ಮಾರಾಟ ಎರಡು ಪಟ್ಟಾಗಿದೆಯೆಂದು ಸಂತಸಪಟ್ಟ ವಿಭಾಗಗಳ ಚರಿತ್ರೆಯನ್ನು ಬೇರೆಯೇ ಬರೆಯಬೇಕು. ಒಂದೇ ಕೆಲಸವನ್ನು ಎಷ್ಟು ಸಲ ಮಾಡಿದರೂ ಫಲ ಒಂದೇ ಆಗಿರಬೇಕೆಂಬ ನಿಯಮ ಕ್ಲೌಡ್ ಶಾಸ್ತ್ರದಲ್ಲಿ ಪರಮಪೂಜ್ಯ. ಅಪೆಂಡ್ ಅದನ್ನು ಕೈಮುಗಿದು ದಾಟುತ್ತದೆ.

ಉಳಿದದ್ದು ಓವರ್‌ರೈಟ್. ಜನಪ್ರಿಯತೆಯಲ್ಲಿ ಇದರ ಸರಿಸಮಾನರಿಲ್ಲ. ಇದರ ಕ್ರಮವನ್ನು ಶಾಸ್ತ್ರಜ್ಞರು ಸಾವಧಾನವಾಗಿ ಗಮನಿಸಬೇಕು: ಮೊದಲು ಹಳೆಯದನ್ನು ಅಳಿಸುವುದು, ಆಮೇಲೆ ಹೊಸದನ್ನು ಬರೆಯುವುದು. ಈ ಎರಡರ ನಡುವೆ ಕೆಲಸ ಸತ್ತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ‘_ಟೆಂಪರರಿ’ ಎಂಬ ಫೋಲ್ಡರೊಂದು ಉಳಿದಿರುತ್ತದೆ, ಅದನ್ನು ನೋಡಿ ಅಳಬಹುದು.

ಇದಕ್ಕಿಂತ ಗಹನವಾದದ್ದು ಭಾಗಶಃ ಓವರ್‌ರೈಟ್‌ನ ವಿಷಯ. ಡೇಟಾವನ್ನು ದಿನಾಂಕದ ಪ್ರಕಾರ ಪಾರ್ಟಿಷನ್ ಮಾಡಿ ಇಟ್ಟಿದ್ದಾರೆ, ಮೂರು ವರ್ಷದ ಡೇಟಾ ಇದೆ ಎನ್ನೋಣ. ನಿನ್ನೆಯ ಒಂದು ದಿನದ್ದನ್ನು ತಿದ್ದಿ ಓವರ್‌ರೈಟ್ ಎಂದರೆ, ನಿನ್ನೆಯದೊಂದು ಮಾತ್ರ ಬದಲಾಗುತ್ತದೆಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಸ್ಪಾರ್ಕ್ ಹೇಳುವುದೇ ಬೇರೆ: ಮೂರು ವರ್ಷವನ್ನೂ ಅಳಿಸಿ ನಿನ್ನೆಯ ಒಂದು ದಿನವನ್ನು ಇಡುತ್ತದೆ. ಬಂದ ಪಾರ್ಟಿಷನ್‌ಗಳನ್ನಷ್ಟೇ ಬದಲಿಸು ಎಂದು ಹೇಳುವ ‘ಡೈನಾಮಿಕ್’ ಎಂಬ ಸೆಟ್ಟಿಂಗ್ 2018ರಲ್ಲಿ, ಸ್ಪಾರ್ಕ್ 2.3ರೊಂದಿಗೆ ಬಂತು. ಆದರೆ ಕೇಳಿದವರಿಗೆ ಮಾತ್ರ; ಕೇಳದವರಿಗೆ ‘ಸ್ಟ್ಯಾಟಿಕ್’ ಎಂಬ ಹಳೆಯ ಪದ್ಧತಿಯೇ. ‘ಸ್ಪಾರ್ಕ್.ಎಸ್‌ಕ್ಯೂಎಲ್.ಸೋರ್ಸಸ್.ಪಾರ್ಟಿಷನ್‌ಓವರ್‌ರೈಟ್‌ಮೋಡ್’ ಎಂಬ ಆ ಸೆಟ್ಟಿಂಗಿನ ಹೆಸರು ದೀರ್ಘಸಮಾಸ. ಅದನ್ನು ವಿಗ್ರಹಿಸಿ ಓದುವ ತಾಳ್ಮೆಯಿದ್ದವರ ಮೂರು ವರ್ಷ ಉಳಿದಿದೆ.

ನಮ್ಮ ಶಾಸನಗಳನ್ನು ಬರೆಸಿದವರಿಗೆ ಓವರ್‌ರೈಟ್‌ನ ಭಯ ಚೆನ್ನಾಗಿ ಗೊತ್ತಿತ್ತು. ದಾನ ಕೊಟ್ಟ ವಿವರದ ಕೊನೆಗೆ ಶಾಪಾಶಯವಿಲ್ಲದ ಶಾಸನ ಅಪರೂಪ. ಹಲ್ಮಿಡಿಯಲ್ಲೂ ಇದನ್ನು ಅಳಿಸಿದವನಿಗೆ ಮಹಾಪಾತಕವೆಂಬ ಎಚ್ಚರಿಕೆಯಿದೆ. ಮುಂದಿನ ಶತಮಾನಗಳಲ್ಲಿ ಅದು ಬೆಳೆದು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪದವರೆಗೂ ಹೋಯಿತು. ಎಸ್3ನಲ್ಲಿ ಶಾಪಾಶಯಕ್ಕೆ ಜಾಗವಿಲ್ಲ. ‘ಕ’ ಪ್ರತಿಯ ಏಳನೆಯ ಸಾಲಿನ ಪಕ್ಕ ‘ದಯವಿಟ್ಟು ಮುಟ್ಟಬೇಡಿ’ ಎಂಬ ಕಾಮೆಂಟೊಂದಿದೆ. ದಯವಿಟ್ಟು ಎಂದಾಗಲೇ ಶಾಸನದ ತೂಕ ಹೋಯಿತು.

ತಿಥಿನಿರ್ಣಯ

ಪಾರ್ಟಿಷನ್ನಿನ ಹೆಸರಿನಲ್ಲಿ ದಿನಾಂಕ ಬರೆಯುವಾಗ ಅದು ಯಾರ ದಿನಾಂಕ ಎಂಬ ಪ್ರಶ್ನೆ ಏಳುತ್ತದೆ. ಕ್ಲೌಡಿನ ಯಂತ್ರಗಳು ಸಾಮಾನ್ಯವಾಗಿ ಯುಟಿಸಿ ಕಾಲದಲ್ಲಿರುತ್ತವೆ. ನಮ್ಮ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಧ್ಯರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆವರೆಗೆ ಬೆಂಗಳೂರಿನಲ್ಲಿ ಇಂದು ಆಗಿದ್ದರೆ ಯಂತ್ರಕ್ಕೆ ಇನ್ನೂ ನಿನ್ನೆ. ರಾತ್ರಿ ಎರಡಕ್ಕೆ ಓಡುವ ಕೆಲಸ ಇಂದಿನ ಡೇಟಾವನ್ನು ನಿನ್ನೆಯ ಹೆಸರಿನಲ್ಲಿ ಇಡುತ್ತದೆ. ಮೋಡ್ ಓವರ್‌ರೈಟ್ ಆಗಿದ್ದರೆ ನಿನ್ನೆ ನಿಜವಾಗಿ ಆದದ್ದು ಆಗಿಯೇ ಇಲ್ಲ ಎಂದಾಗುತ್ತದೆ.

ಆದರೆ ಇದನ್ನು ದೋಷವೆಂದು ಕರೆಯುವ ಮುನ್ನ ಪಂಚಾಂಗವನ್ನು ನೋಡಬೇಕಿತ್ತು. ಇಂಗ್ಲಿಷರ ದಿನ ಮಧ್ಯರಾತ್ರಿಗೆ ಬದಲಾಗುತ್ತದೆ. ನಮ್ಮ ದಿನ ಬದಲಾಗುವುದು ಸೂರ್ಯೋದಯಕ್ಕೆ. ಯುಟಿಸಿಯ ದಿನ ಬೆಂಗಳೂರಿನಲ್ಲಿ ಬದಲಾಗುವುದು ಬೆಳಗಿನ ಐದೂವರೆಗೆ, ಅರುಣೋದಯದ ಹೊತ್ತಿಗೆ. ಅಂದರೆ ಅಮೆಜಾನಿನ ಯಂತ್ರಗಳು ಕನ್ನಡನಾಡಿನ ಮಟ್ಟಿಗೆ ಸಂಪ್ರದಾಯಸ್ಥರಂತೆ ನಡೆದುಕೊಳ್ಳುತ್ತಿವೆ. ರಾತ್ರಿ ಎರಡಕ್ಕೆ ‘ಇಂದು’ ಎನ್ನುವ ಎಂಜಿನಿಯರೇ ಆಚಾರ ಕೆಟ್ಟವನು. ಈ ಶೋಧವನ್ನು ಸಂಬಂಧಪಟ್ಟ ತಂಡಕ್ಕೆ ತಿಳಿಸಿದಾಗ ಟಿಕೆಟ್ ಮುಚ್ಚಲು ನಿರಾಕರಿಸಿದರು.

ಹ್ರಸ್ವದೀರ್ಘದ ಸಮಸ್ಯೆಯೂ ಉಂಟು. ಓಲೆಗರಿಯ ಲಿಪಿಕಾರರು ಎ-ಏ, ಒ-ಓ ಭೇದವನ್ನು ಬರಹದಲ್ಲಿ ತೋರಿಸುತ್ತಿರಲಿಲ್ಲ; ಓದುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಿದ್ದರು. ದಿನಾಂಕಕ್ಕೆ ಸ್ಪಾರ್ಕ್ ನೆಚ್ಚಿಕೊಂಡಿರುವ ಜಾವಾ ಸಂದರ್ಭ ನೋಡುವುದಿಲ್ಲ. ದಿನಾಂಕದ ಮಾದರಿಯಲ್ಲಿ ವರ್ಷಕ್ಕೆ ಸಣ್ಣ ‘ವೈ’ ನಾಲ್ಕು ಸಲ ಬರೆದರೆ ಕ್ಯಾಲೆಂಡರಿನ ವರ್ಷ. ದೊಡ್ಡ ‘ವೈ’ ಬರೆದರೆ ವಾರಗಳ ಲೆಕ್ಕದ ವರ್ಷ. ವರ್ಷದಲ್ಲಿ ಬಹುತೇಕ ದಿನ ಎರಡೂ ಒಂದೇ ಉತ್ತರ ಕೊಡುತ್ತವೆ. ಆದರೆ 2019ರ ಡಿಸೆಂಬರ್ 30ರಂದು ದೊಡ್ಡ ‘ವೈ’ 2020 ಎನ್ನುತ್ತದೆ, ತಿಂಗಳು ಡಿಸೆಂಬರ್ ಆಗಿಯೇ ಉಳಿಯುತ್ತದೆ. ಹೀಗೆ ಡೇಟಾ 2020ರ ಡಿಸೆಂಬರಿಗೆ, ಅಂದರೆ ಒಂದು ವರ್ಷ ಮುಂಚಿತವಾಗಿ, ಹೋಗಿ ಕುಳಿತುಕೊಳ್ಳುತ್ತದೆ. ಭವಿಷ್ಯ ನುಡಿಯುವ ಈ ಶಕ್ತಿಯನ್ನು ಸ್ಪಾರ್ಕ್ 3ರಲ್ಲಿ ಕಿತ್ತುಕೊಂಡರು. ಈಗ ದೊಡ್ಡ ‘ವೈ’ ಬರೆದರೆ ಅದು ಒಪ್ಪುವುದಿಲ್ಲ.

ದಿನಾಂಕವೇ ಇಲ್ಲದ ಸಾಲುಗಳು ಎಲ್ಲಿ ಹೋಗುತ್ತವೆ ಎಂದು ಕೇಳಬಹುದು. ಅವಕ್ಕೆ ‘ಹೈವ್ ಡೀಫಾಲ್ಟ್ ಪಾರ್ಟಿಷನ್’ ಎಂಬ ಅನಾಥಾಶ್ರಮವುಂಟು. ಆ ಕಡೆ ಯಾರೂ ಸುಳಿಯುವುದಿಲ್ಲ.

ಏಕಫೈಲ್‌ವಾದ

ನೂರು ಯಂತ್ರಗಳು ಕೂಡಿ ದುಡಿದರೆ ಫಲಿತಾಂಶವೂ ತುಂಡುಗಳಲ್ಲೇ ಬರಬೇಕು. ಪ್ರತಿ ತುಂಡಿಗೂ ‘ಪಾರ್ಟ್-00000’, ‘ಪಾರ್ಟ್-00001’ ಎಂದು ಹೆಸರು. ಅಪಾಚೆ ಬೀಮ್‌ನಲ್ಲಿ ಇದಕ್ಕಿಂತ ಸಭ್ಯವಾದ ಪದ್ಧತಿಯಿದೆ. ಅಲ್ಲಿನ ತುಂಡು ತನ್ನನ್ನು ‘00000-ಆಫ್-00005’ ಎಂದು, ಅಂದರೆ ಐವರು ಒಡಹುಟ್ಟಿದವರಲ್ಲಿ ಸೊನ್ನೆಯವನು ಎಂದು, ಪರಿಚಯ ಹೇಳಿಕೊಳ್ಳುತ್ತದೆ. ಸ್ಪಾರ್ಕ್‌ನ ತುಂಡಿಗೆ ತನ್ನ ಜೊತೆ ಎಷ್ಟು ಜನ ಹುಟ್ಟಿದರೆಂಬುದೇ ಗೊತ್ತಿಲ್ಲ. ಡೇಟಾವನ್ನು ಕಲಸಿ ಹಂಚುವ ಹಂತದಲ್ಲಿ ಅದರ ರೂಢಿಯ ಸಂಖ್ಯೆ 200. ಹತ್ತು ಸಾಲಿನ ಫಲಿತಾಂಶಕ್ಕೂ 200 ಪಾಲು ಮಾಡುವ ಈ ಉದಾರತೆಗೆ ಇತ್ತೀಚಿನ ಆವೃತ್ತಿಗಳಲ್ಲಿ ಸ್ವಲ್ಪ ಕಡಿವಾಣ ಬಿದ್ದಿದೆ.

ಪೂರ್ವಪಕ್ಷ: ‘ಇಷ್ಟೊಂದು ಫೈಲ್ ಏಕೆ? ನಮಗೆ ಒಂದೇ ಸಾಕು. ಎಕ್ಸೆಲ್‌ನಲ್ಲಿ ತೆರೆಯಬೇಕು.’ ಈ ಪೂರ್ವಪಕ್ಷವನ್ನು ಮಂಡಿಸುವವರು ಸಾಮಾನ್ಯವಾಗಿ ಸಂಬಳ ನಿರ್ಧರಿಸುವವರಾದ್ದರಿಂದ ಸಿದ್ಧಾಂತ ಪಕ್ಷವು ವಾದಕ್ಕಿಳಿಯದೆ ‘ಕೋಲೆಸ್ 1’ ಎಂಬ ಮಂತ್ರವನ್ನು ಉಚ್ಚರಿಸುತ್ತದೆ. ಊರೆಲ್ಲ ಕೂಡಿ ಕೊಯ್ದ ಭತ್ತವನ್ನು ಒಬ್ಬನೇ ಹೊತ್ತು ತರಲಿ, ಮಿಕ್ಕವರು ಬದುವಿನ ಮೇಲೆ ಕುಳಿತು ನೋಡಲಿ ಎಂದಂತೆ ಇದು. ಅಷ್ಟೂ ಯಂತ್ರಗಳಿಗೆ ಬಾಡಿಗೆ ಓಡುತ್ತಿರುತ್ತದೆ.

ಅಷ್ಟಾದರೂ ಪೂರ್ವಪಕ್ಷಕ್ಕೆ ತೃಪ್ತಿಯಿಲ್ಲ. ‘ರಿಪೋರ್ಟ್.ಸಿಎಸ್‌ವಿ’ ಎಂದು ಹೆಸರು ಕೊಟ್ಟರೆ ಸ್ಪಾರ್ಕ್ ಆ ಹೆಸರಿನ ಫೋಲ್ಡರು ಮಾಡಿ, ಅದರೊಳಗೆ ಉದ್ದನೆಯ ಹೆಸರಿನ ಒಂದು ಪಾರ್ಟ್ ಫೈಲ್ ಇಡುತ್ತದೆ. ಹೊರಗೆ ಫೈಲಿನ ನಾಮಫಲಕ, ಒಳಗೆ ಫೋಲ್ಡರಿನ ಸಂಸಾರ. ಹೆಡರ್ ಬೇಕೆಂದು ಪ್ರತ್ಯೇಕವಾಗಿ ಕೇಳದಿದ್ದರೆ ಅಂಕಣಗಳ ಹೆಸರೂ ಇರುವುದಿಲ್ಲ. ಎಲ್ಲ ಸರಿಮಾಡಿ ಕಳಿಸಿದರೂ ಎಕ್ಸೆಲ್ 10,48,576 ಸಾಲುಗಳಾಚೆ ಒಂದನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಡೇಟಾದಲ್ಲಿ ಕನ್ನಡವಿದ್ದರಂತೂ ಪ್ರಕರಣ ಗಣಿತಶಾಸ್ತ್ರಕ್ಕೆ ಹೊರಳುತ್ತದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್. ಮೊದಲ ಎರಡು ಬೈಟ್‌ಗಳು ಕನ್ನಡದಲ್ಲೆಲ್ಲ ಎರಡೇ ಬಗೆ. ಫೈಲಿನ ತಲೆಯಲ್ಲಿ ಬಿಒಎಂ ಎಂಬ ಮೂರು ಬೈಟಿನ ತಿಲಕ ಇಲ್ಲದಿದ್ದರೆ ಎಕ್ಸೆಲ್ ಅದನ್ನು ಯುರೋಪಿನ ಯಾವುದೋ ಭಾಷೆಯೆಂದು ಭ್ರಮಿಸುತ್ತದೆ. ಆಗ ಆ ಎರಡು ಬೈಟ್‌ಗಳು ತಲೆಯ ಮೇಲೆ ಗೀರೆಳೆದ ‘ಎ’ ಮತ್ತು ಅದರ ಭುಜದ ಮೇಲೆ ಪುಟ್ಟ 2 ಅಥವಾ ಪುಟ್ಟ 3 ಆಗಿ ಕಾಣುತ್ತವೆ. ‘ಹೊಸದುರ್ಗ’ ಎಂದು ಬರೆದ ಕಡೆ ಎ-ವರ್ಗ, ಎ-ಘನ, ಎ-ವರ್ಗ. ತಾಲ್ಲೂಕುಗಳ ಪಟ್ಟಿ ಕೇಳಿದವರ ಕೈಗೆ ಬೀಜಗಣಿತದ ಪಾಠ ಸಿಕ್ಕಿದೆ. ಇಂಥ ಫೈಲುಗಳನ್ನು ಕಂಡು ಕನ್ನಡ ಡೇಟಾ ಕೆಟ್ಟಿದೆಯೆಂದು ಅಳಿಸಿದವರಿದ್ದಾರೆ. ಡೇಟಾ ಕೆಟ್ಟಿರಲಿಲ್ಲ.

ನಿದ್ರೆ, ಶೂನ್ಯ, ಒಡೆತನ

ಉಳಿದ ಸಾಲುಗಳನ್ನು ಸಂಕ್ಷೇಪವಾಗಿ ಮುಗಿಸೋಣ. ಹನ್ನೆರಡನೆಯ ಸಾಲಿನಲ್ಲಿ ‘ಟೈಮ್.ಸ್ಲೀಪ್ 60’ ಎಂದಿದೆ, ನಾಲ್ಕೂ ಪ್ರತಿಗಳಲ್ಲಿ. ಬರೆದ ಕೂಡಲೇ ಒಂದು ನಿಮಿಷ ಸುಮ್ಮನಿರುವ ಈ ಆಚರಣೆಗೆ ಒಂದು ಕಾಲದಲ್ಲಿ ಅರ್ಥವಿತ್ತು. ಎಸ್3ನಲ್ಲಿ ಈಗ ತಾನೇ ಬರೆದದ್ದು ಪಟ್ಟಿಯಲ್ಲಿ ತಕ್ಷಣ ಕಾಣುತ್ತದೆಂಬ ಭರವಸೆ ಆಗ ಇರಲಿಲ್ಲ. 2020ರ ಡಿಸೆಂಬರಿನಲ್ಲಿ ಅಮೆಜಾನ್ ಆ ಕೊರತೆಯನ್ನು ನೀಗಿಸಿತು. ಕಾರಣ ಹೋಯಿತು, ಆಚಾರ ಉಳಿಯಿತು. ಸಂಪಾದಕರು ಇದನ್ನು ತೆಗೆಯಲು ಸೂಚಿಸಿದಾಗ ‘ಇರಲಿ ಬಿಡಿ ಸಾರ್, ಒಂದು ನಿಮಿಷ ತಾನೆ’ ಎಂಬ ಉತ್ತರ ಬಂತು. ದಿನಕ್ಕೆ ನೂರಾರು ಕೆಲಸಗಳು, ಒಂದೊಂದರಲ್ಲೂ ಒಂದೊಂದು ನಿಮಿಷ ಬಾಡಿಗೆ ಯಂತ್ರಗಳು ಮಂಡಿಯೂರಿ ಕುಳಿತಿರುತ್ತವೆ.

ಕೊನೆಯಲ್ಲಿ ಔಟ್‌ಪುಟ್ ಫೋಲ್ಡರಿನೊಳಗೆ ‘_ಸಕ್ಸೆಸ್’ ಎಂಬ ಫೈಲ್ ಹುಟ್ಟುತ್ತದೆ. ಗಾತ್ರ ಶೂನ್ಯ ಬೈಟ್. ಕೆಲಸ ಮುಗಿಯಿತು ಎಂಬುದಷ್ಟನ್ನೇ ಇದು ಹೇಳುತ್ತದೆ. ಸರಿಯಾಗಿ ಮುಗಿಯಿತೇ ಎಂದು ಹೇಳುವುದಿಲ್ಲ. ಒಂದೂ ಸಾಲು ಬರೆಯದ ಕೆಲಸಕ್ಕೂ ಇದು ದೊರೆಯುತ್ತದೆ. ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಕೊಡುವ ಮೆಚ್ಚುಗೆಯ ಪತ್ರಗಳ ಬಗ್ಗೆ ಇಲ್ಲಿ ಏನನ್ನೂ ಹೇಳುತ್ತಿಲ್ಲ.

ಒಡೆತನದ ಪ್ರಶ್ನೆಯನ್ನು ಹದಿನೈದನೆಯ ಸಾಲು ಎತ್ತುತ್ತದೆ. ಒಬ್ಬರ ಖಾತೆಯ ಕೆಲಸ ಇನ್ನೊಬ್ಬರ ಖಾತೆಯ ಬಕೆಟ್ಟಿನಲ್ಲಿ ಬರೆದರೆ ಅದು ಯಾರದ್ದು? ಎಸ್3 ಬಹುಕಾಲ ಬರೆದವನೇ ಒಡೆಯ ಎಂದಿತು. ಬಕೆಟ್ಟಿನ ಯಜಮಾನ ತನ್ನ ಬಕೆಟ್ಟಿನೊಳಗಿನ ವಸ್ತುವನ್ನು ಬಿಚ್ಚಿ ನೋಡಲಾಗದೆ ಬಾಗಿಲಲ್ಲಿ ನಿಂತಿರುತ್ತಿದ್ದ. ಉಳುವವನೇ ಹೊಲದೊಡೆಯ ಎಂದು 1974ರ ಭೂಸುಧಾರಣೆಯಲ್ಲಿ ದೇವರಾಜ ಅರಸರ ಸರ್ಕಾರ ಹೇಳಿದ್ದನ್ನು ಸಿಯಾಟಲ್‌ನ ಅಮೆಜಾನಿನವರು ಓದಿದ್ದರೋ ಇಲ್ಲವೋ ತಿಳಿಯದು. 2023ರ ಏಪ್ರಿಲ್‌ನಿಂದ ಹೊಸ ಬಕೆಟ್ಟುಗಳಲ್ಲಿ ಡೀಫಾಲ್ಟ್ ಆಗಿ ಒಡೆತನ ಬಕೆಟ್ಟಿನ ಯಜಮಾನರಿಗೇ ಮರಳಿತು. ಗೇಣಿದಾರರ ಪರವಾಗಿ ಇದುವರೆಗೆ ಯಾರೂ ಮನವಿ ಸಲ್ಲಿಸಿಲ್ಲ.

ಹದಿನಾರನೆಯ ಸಾಲು ಖಾಲಿ. ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.

ಪರಿಷ್ಕೃತ ಪಾಠವನ್ನು ರಿವ್ಯೂಗೆ ಕಳಿಸಲಾಗಿದೆ. ಸ್ಲೀಪ್ ತೆಗೆದು, ಪಾರ್ಟಿಷನ್ ಓವರ್‌ರೈಟ್‌ಗೆ ಡೈನಾಮಿಕ್ ಹಾಕಿ, ದಿನಾಂಕವನ್ನು ಯಂತ್ರದ ಗಡಿಯಾರದಿಂದ ತೆಗೆದುಕೊಳ್ಳದೆ ಹೊರಗಿನಿಂದ ಕೊಡುವಂತೆ ಮಾಡಲಾಗಿದೆ. ‘ಔಪುಟ್’ ಎಂಬುದನ್ನು ಮಾತ್ರ ತಿದ್ದಿಲ್ಲ; ಅದು ಎಲ್ಲ ಪ್ರತಿಗಳಲ್ಲೂ ಇರುವ ಪಾಠ. ಇದನ್ನು ನಕಲು ಮಾಡಿಕೊಳ್ಳುವ ಸಹೃದಯರಲ್ಲಿ ಒಂದೇ ವಿನಂತಿ: ಮನೆಗೆ ಹೊರಡುವ ಮೊದಲು ನಿಮ್ಮ ಬಕೆಟ್ಟಿನಲ್ಲಿ ಹಳೆಯ ಪ್ರತಿಗಳನ್ನು ಉಳಿಸಿಡುವ ವರ್ಷನಿಂಗ್ ಆನ್ ಇದೆಯೇ ನೋಡಿಕೊಳ್ಳಿ. ಅದು ತಾನಾಗಿ ಆನ್ ಆಗಿರುವುದಿಲ್ಲ, ಹೆಚ್ಚಿನ ಜಾಗಕ್ಕೆ ದುಡ್ಡೂ ಬೀಳುತ್ತದೆ. ಆದರೆ ಅಳಿಸಿಹೋದ ಮೂರು ವರ್ಷ ವಾಪಸ್ ಸಿಗುವುದು ಅದೊಂದು ಆನ್ ಇದ್ದವರಿಗೆ.